ಹಿಂದಿನ ದೀಪ ನೋಡುವಾಕೆ

ಬಾಳೆಕಂಬವನ್ನು ಗಾಡಿಯ ಬಲಮೂಲೆಗೆ ಬಿಗಿಯುತ್ತಿದ್ದ ದುಂಡೇಶನ ಕೈಗೆ ನಬಿಲಾಲ ತನ್ನ ಊರುಗೋಲು ಅಡ್ಡ ಹಿಡಿದ.

“ಕಂಬ ಸರಸು. ದೀಪ ಮುಚ್ಚೇತಿ.”

“ಏ ಮಾಮಾ, ಹೂವಿನ ಗಾಡಿ ಇದು. ಹಿಂದಿನ ದೀಪ ಯಾರು ನೋಡ್ತಾರ? ಯಂಕಂಚಿ ಏನ್ ಕಾಶಿಯಷ್ಟು ದೂರ ಐತೇನು?”

“ಗಾಡ್ಯಾಗ ಕುಂತಾವ ಯಾರು ಅದನ್ನರ ನೋಡು. ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ನಿಲ್ಲಿಸಿ ಬೈದು, ತಾನ ಗರಿ ಸರಸಿ ದೀಪ ಕಾಣೂವಂಗ ಮಾಡಿ ಕಳಸ್ತಿದ್ದ. ಅವನ ಕಡೀ ಗಾಡಿಗೇ ನೀ ದೀಪ ಮುಚ್ಚಾಕತ್ತೀಯಲ್ಲೊ ಭಾಡ್ಯಾ! ಸರಸಂದ್ರ ಸರಸು.”

ದುಂಡೇಶ ಗೊಣಗುತ್ತಲೇ ಹಗ್ಗ ಸಡಿಲಿಸಿದ. ಪಿಕಪ್ ಗಾಡಿ ಅವನದೇ. ಅದರ ಮೇಲೆ, ಡ್ರೈವರನ ಕೋಣೆಗೆ ಬೆನ್ನು ಕೊಟ್ಟು, ಕುರ್ಚಿಯಲ್ಲಿ ಗುರುಲಿಂಗಪ್ಪ ಕುಳಿತಿದ್ದ. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ, ತಲೆಗೆ ಅವನು ಬದುಕಿದ್ದಾಗ ಒಂದು ದಿನವೂ ಸುತ್ತದ ಬಿಳಿ ರುಮಾಲು. ಸಿಂದಗಿಯ ಆಲಮೇಲ ರಸ್ತೆಯ ಆ ಚಿಕ್ಕ ಅಂಗಡಿಯಲ್ಲಿ ಮೂವತ್ತೈದು ವರ್ಷ ಗಾಡಿಗಳ ವೈರು, ದೀಪ, ಹಾರ್ನು ಸರಿಮಾಡಿದ ಮನುಷ್ಯ. ಬೆಳಗಿನ ಜಾವ ಚಹಾ ಕೇಳಿದ್ದ. ಚಹಾ ಕುದಿಯುವಷ್ಟರಲ್ಲಿ ಹೋಗಿಬಿಟ್ಟಿದ್ದ. ಯಂಕಂಚಿಯ ಹೊಲದಲ್ಲಿ ಅವನ ತಂದೆಯ ಪಕ್ಕದಲ್ಲೇ ಕುಣಿ ತೆಗೆಸಿಟ್ಟಿದ್ದರು.

ಹೊತ್ತು ನಾಲ್ಕು ದಾಟಿತ್ತು. ಮೆರವಣಿಗೆ ಊರು ದಾಟುವಷ್ಟರಲ್ಲೇ ಸಂಜೆಯಾಗುತ್ತದೆ. ಕಬ್ಬಿನ ಹಂಗಾಮು ಬೇರೆ, ರಸ್ತೆಯ ತುಂಬ ಟ್ರ್ಯಾಕ್ಟರು, ಲಾರಿ. ಪಕ್ಕದ ಪಂಕ್ಚರ್ ಅಂಗಡಿಯ ಕಲ್ಮೇಶ ಡ್ರೈವರನ ಸೀಟಿಗೆ ಹತ್ತಿ ಬ್ರೇಕು ತುಳಿದ. ಎಡಗಡೆ ಕೆಂಪಗೆ ಹತ್ತಿತು. ಬಲಗಡೆ ಹತ್ತಲಿಲ್ಲ.

“ನೋಡಿದೇನು?” ಎಂದ ನಬಿಲಾಲ. “ಇದು ಸರಿಯಾಗೂತನಕ ಗಾಡಿ ಅಲುಗಾಡೂದಿಲ್ಲ. ಯಾರರ ಬರ್ರಿ, ನನ್ನ ಮ್ಯಾಲ ಹಾಯಿಸಿಕೊಂಡು ಹೋಗ್ರಿ.”

ಮನೆ ಅಂಗಡಿಯ ಹಿಂದೆಯೇ. ಹೊಸ್ತಿಲಲ್ಲಿ ಹೆಂಗಸರ ನಡುವೆ ಕುಳಿತಿದ್ದ ಗುರುಲಿಂಗಪ್ಪನ ಹೆಂಡತಿ ಶಂಕ್ರೆವ್ವನಿಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ಬೆಳಗಿನಿಂದ ಅವಳ ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ. ಮುದ್ದೇಬಿಹಾಳದಿಂದ ಓಡಿಬಂದ ಮಗಳು ಸುವರ್ಣಾ ಎಷ್ಟು ತಬ್ಬಿಕೊಂಡು ಅತ್ತರೂ ತಾಯಿ ಕಲ್ಲಿನಂತೆ ಕುಳಿತೇ ಇದ್ದಳು. ಬಂದವರೆಲ್ಲ “ಪಾಪ, ದುಃಖಕ್ಕ ಗರ ಬಡದಂಗ ಆಗೈತಿ” ಎಂದರು. ದುಃಖವಷ್ಟೇ ಆಗಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಒಳಗೆ ಕುಳಿತದ್ದು ಬೇರೆ. ಈ ಲೋಕದಲ್ಲಿ ಯಾರ ಮಾತನ್ನೂ ನಂಬದೆ ತನ್ನೊಬ್ಬಳ ಮಾತನ್ನು ನಂಬಿದ ಗಂಡನಿಗೆ ಅವಳು ಒಂದು ವರ್ಷದಿಂದ ಸುಳ್ಳು ಹೇಳುತ್ತ ಬಂದಿದ್ದಳು. ಹೇಳಿ ತಪ್ಪೊಪ್ಪಿಕೊಳ್ಳೋಣವೆಂದರೆ ಈಗ ಕೇಳುವವನೇ ಇರಲಿಲ್ಲ.

*

ಅವಳು ಮದುವೆಯಾಗಿ ಬಂದು ಏಳು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಜೀಪಿನವನೊಬ್ಬ ಬಂದ. ಮಸೂತಿ ಊರಿಗೆ ಮದುವೆಯ ಮಂದಿ ಒಯ್ಯಬೇಕು, ಹಿಂದಿನ ದೀಪ ಹತ್ತುತ್ತಿಲ್ಲ, ಅವಸರ. ಗುರುಲಿಂಗಪ್ಪ ಹೊಸ ಬಲ್ಬು ಹಾಕಿದ. ಗಾಡಿ ಓಡಿಸುವವನಿಗೆ ತನ್ನ ಹಿಂದಿನ ದೀಪ ಎಂದೂ ಕಾಣುವುದಿಲ್ಲ, ಬೇರೊಬ್ಬರು ಹಿಂದೆ ನಿಂತು ಹೇಳಬೇಕು. ಗುರುಲಿಂಗಪ್ಪ ತಾನೇ ಸೀಟಿಗೆ ಹತ್ತಿ ಬ್ರೇಕು ತುಳಿದು “ಹತ್ತಿತೇನ್ರಿ?” ಎಂದು ಕೂಗಿದ. ಜೀಪಿನವ ಬೀಡಿ ಹಚ್ಚುತ್ತಿದ್ದ. ಕತ್ತು ಕೂಡ ತಿರುಗಿಸದೆ “ಹತ್ತೇತಿ ಹತ್ತೇತಿ, ಇಳಿ” ಎಂದ.

ಆ ಸಂಜೆ ಮಸೂತಿಯ ಹತ್ತಿರ ಜೀಪು ಗಕ್ಕನೆ ನಿಂತಿತು. ಸಂತೆಯಿಂದ ಸಂತೆಗೆ ಅರಿವೆ ಮಾರುತ್ತಿದ್ದ ನಬಿಲಾಲ ಎಂಬ ತರುಣ ಹಿಂದಿನಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ. ಮುಂದಿನ ಗಾಡಿ ನಿಂತದ್ದು ಅವನಿಗೆ ತಿಳಿಯಲೇ ಇಲ್ಲ. ಜೀವ ಉಳಿಯಿತು, ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು.

ಗುರುಲಿಂಗಪ್ಪನ ಹೆಸರನ್ನು ಯಾರೂ ಎತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಇಂದಿಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಪುಣ್ಯಾತ್ಮ ಸುಮ್ಮನಿರುವವನೇ? ಜೀಪು ನಿಂತಲ್ಲಿಗೆ ಹೋಗಿ ದೀಪದ ಗಾಜು ಬಿಚ್ಚಿ ನೋಡಿದ. ಬಲ್ಬು ಹೊಸದೇ, ಅದನ್ನು ಹಿಡಿದ ಹೋಲ್ಡರ್ ಮಾತ್ರ ಕಿಲುಬು ಹಿಡಿದು ಹಸಿರಾಗಿತ್ತು. ಅಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಹೋಗಿ ನಬಿಲಾಲನ ಮಂಚದ ಮುಂದೆ ನಿಂತ.

“ಆ ದೀಪ ನಾ ಮಾಡಿದ್ದು. ಬಲ್ಬ್ ನೋಡಿದ್ನಿ, ಹೋಲ್ಡರ್ ನೋಡಲಿಲ್ಲ. ತಪ್ಪು ನಂದು.”

ನಬಿಲಾಲ ಕೈಗೆ ಸಿಕ್ಕ ನೀರಿನ ತಂಬಿಗೆಯನ್ನೇ ಎತ್ತಿ ಒಗೆದ. ಗುರುಲಿಂಗಪ್ಪ ತಂಬಿಗೆ ಆರಿಸಿ, ನೀರು ತುಂಬಿಸಿ ಇಟ್ಟು ಬಂದ. ಮರುದಿನ ಮತ್ತೆ ಹೋದ, ಅದರ ಮರುದಿನವೂ ಹೋದ. ಎಂಟನೆಯ ದಿನ ನಬಿಲಾಲ “ಕುಂಡ್ರು” ಎಂದ. ಆಮೇಲೆ ಮೂವತ್ತೆರಡು ವರ್ಷ ಅವರಿಬ್ಬರೂ ಕೂಡಿಯೇ ಕುಳಿತರು. ಒಬ್ಬ ಅಂಗಡಿಯ ಒಳಗೆ, ಒಬ್ಬ ಅದೇ ಅಂಗಡಿಯ ಕಟ್ಟೆಯ ಮೇಲೆ ಅರಿವೆ ಹರವಿಕೊಂಡು.

ನಬಿಲಾಲ ಕುಂಡ್ರು ಎಂದ ದಿನವೇ ಗುರುಲಿಂಗಪ್ಪ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ. ಶಂಕ್ರೆವ್ವ ರೊಟ್ಟಿ ಬಡಿಯುತ್ತಿದ್ದಳು.

“ಏ ಶಂಕ್ರಿ, ಇನ್ನ ಮ್ಯಾಲ ಹಿಂದ ನಿಂತು ನೀ ನೋಡಬೇಕು. ನೀ ಹತ್ತೇತಿ ಅಂದ್ರ ಮಾತ್ರ ಗಾಡಿ ನಮ್ಮ ಅಂಗಡಿ ಬಿಡತೈತಿ. ಮಂದಿ ಮಾತು ನಾ ಕೇಳೂದಿಲ್ಲ.”

“ಅಯ್ಯ ಶಿವನ! ನನಗೇನ್ ತಿಳೀತೈತ್ರಿ ಅದರಾಗ?”

“ಕಣ್ಣ ಅದಾವಿಲ್ಲೊ? ಕಂಡದ್ದ ಹೇಳು, ಸಾಕು.”

ಹಿಟ್ಟಿನ ಕೈಯಲ್ಲೇ, ಸೆರಗು ಮುಖದ ಮೇಲೆ ಎಳೆದುಕೊಂಡು ಬೀದಿಗೆ ಬಂದು ಒಂದು ಅಂಬಾಸಿಡರ್ ಕಾರಿನ ಹಿಂದೆ ನಿಂತಳು. ಆ ಊರಿನಲ್ಲಿ ಅವಳು ಗಟ್ಟಿಯಾಗಿ ಆಡಿದ ಮೊದಲ ಮಾತೇ “ಹತ್ತೇತಿ”. ಸೊಸೆ ನಡುಬೀದಿಯಲ್ಲಿ ಕೂಗಿದಳೆಂದು ಅತ್ತೆ ಎರಡು ದಿನ ಮಾತು ಬಿಟ್ಟಿದ್ದಳು.

ನೋಡುತ್ತ ನೋಡುತ್ತ ಎಲ್ಲ ತಿಳಿಯಿತು. ಬ್ರೇಕು ತುಳಿದಾಗ ಬೆಳಕು ಹೆಚ್ಚುವ ಬದಲು ಕಡಿಮೆಯಾದರೆ, ಎರಡು ತಂತಿಯ ಬಲ್ಬನ್ನು ಯಾರೋ ಉಲ್ಟಾ ತುರುಕಿದ್ದಾರೆ. ಇಂಡಿಕೇಟರ್ ಪಟಪಟನೆ ಅವಸರದಲ್ಲಿ ಬಡಿದುಕೊಂಡರೆ ಮುಂದಿನದೋ ಹಿಂದಿನದೋ ಒಂದು ಬಲ್ಬು ಸತ್ತಿದೆ. ಬ್ರೇಕು ತುಳಿದಾಗ ಕೆಂಪು ದೀಪದ ಬದಲು ಪಕ್ಕದ ಹಳದಿ ಮಿಣುಕಿದರೆ ಅರ್ತ್ ಹೋಗಿದೆ. ಬಂದ ಕರೆಂಟಿಗೆ ತಿರುಗಿ ಹೋಗಲು ದಾರಿ ಸಿಗದೆ ನೆರೆಮನೆಯ ಬಾಗಿಲಿನಿಂದ ಹಾಯುತ್ತಿದೆ. ಅವಳು ಒಂದು ದಿನವೂ ಸ್ಕ್ರೂಡ್ರೈವರ್ ಹಿಡಿಯಲಿಲ್ಲ. ಇಂಡಿಯಿಂದ, ಬಾಗೇವಾಡಿಯಿಂದ ಬಂದ ಡ್ರೈವರರು ಮಾತ್ರ “ಕಾಕು ಹೇಳಿದ್ರ ಮುಗೀತ್ರಿ” ಎನ್ನುತ್ತಿದ್ದರು. ಅದನ್ನು ಕೇಳಿದಾಗ ಗುರುಲಿಂಗಪ್ಪನ ಮುಖದಲ್ಲಿ ಏಳುತ್ತಿದ್ದ ಹೆಮ್ಮೆಯನ್ನು ಅವಳು ಯಾವ ಬಂಗಾರಕ್ಕೂ ಕೊಡುತ್ತಿರಲಿಲ್ಲ.

*

“ಎರಡನೇ ಹೊಸಾ ಬಲ್ಬೂ ಹತ್ತವಲ್ದು ಮಾಮಾ,” ದುಂಡೇಶನ ದನಿ ಅಳುವಂತಾಗಿತ್ತು. “ಮಣ್ಣು ಮಾಡಾಕ ಬಂದ ಅಯ್ಯನವರು ನನ್ನ ಮಾರಿ ನೋಡಾಕತ್ತಾರ. ಹೊತ್ತು ಮುಣಗತೈತಿ. ಹೋಗೂನು ನಡೀರಿ.”

ಹೊಸ್ತಿಲಲ್ಲಿದ್ದ ಶಂಕ್ರೆವ್ವನಿಗೆ ತಡೆಯಲಾಗಲಿಲ್ಲ.

“ಲೇ ದುಂಡೇಶಾ, ಬಲ್ಬಿನ ಸುದ್ದಿಗೆ ಹೋಗಬ್ಯಾಡ. ಕಲ್ಮೇಶ ಬ್ರೇಕ್ ತುಳದಾಗ ಬಾಜೂಕಿನ ಹಳದಿ ದೀಪ ಸಣ್ಣಗ ಮಿಣಕ್ ಅಂತೈತೇನು ನೋಡು.”

ದುಂಡೇಶ ಬಗ್ಗಿ ನೋಡಿದ. “ಹೌದು ಕಾಕು! ಅಲ್ಲೆ ಕುಂತು ನಿಂಗ ಹ್ಯಾಂಗ ಕಂಡಿತು?”

ಅವಳಿಗೆ ಏನೂ ಕಂಡಿರಲಿಲ್ಲ. ಗಾಡಿ ಎಂಬುದು ಅವಳಿಗೆ ಹಳದಿ ಹೂವಿನ ಒಂದು ರಾಶಿಯಷ್ಟೇ ಆಗಿತ್ತು. “ಅರ್ತ್ ಹೋಗೈತಿ. ಹೋಲ್ಡರ್ ಬಿಚ್ಚು,” ಎಂದು ಅವಳು ಎದ್ದೇಬಿಟ್ಟಳು.

“ಯವ್ವಾ, ಕುಂಡ್ರು, ಇವತ್ತೊಂದಿನ ಬಿಡು,” ಸುವರ್ಣಾ ಕೈ ಹಿಡಿದಳು.

“ಇವತ್ತ ಬಿಟ್ರ ಮತ್ತ್ಯಾವತ್ತ ಮಾಡ್ಲಿ?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗಂಡ ಸತ್ತ ದಿನ ಬಲ್ಬು ನೋಡುವವಳನ್ನು ಅವರು ಕಂಡಿರಲಿಲ್ಲ. ಶಂಕ್ರೆವ್ವ ಮಗಳ ಹೆಗಲು ಹಿಡಿದು ಅಂಗಡಿಯ ಮುಂದೆ ಬಂದಳು. ದುಂಡೇಶ ಹೋಲ್ಡರ್ ಎಳೆದ. ಎಳೆದದ್ದೇ ತಡ, ಇರುವೆಗಳು ಅವನ ಮೊಣಕೈವರೆಗೂ ಏರಿದವು. “ಯಪ್ಪೋ!” ಎಂದು ಕುಣಿದ. ಆಲಮೇಲದ ಗಾಣಗಳಿಂದ ಬೆಲ್ಲ ಸಾಗಿಸುವ ಗಾಡಿ ಅದು. ಸೋರಿದ ಬೆಲ್ಲದ ನೀರು ದೀಪದ ಒಳಗಿಳಿದು ಇರುವೆಗಳು ಸಂಸಾರ ಹೂಡಿದ್ದವು.

“ಗಾಡಿ ತೊಳಿ, ಗಾಡಿ ತೊಳಿ ಅಂತ ಅಂವ ನಿನಗ ಎಷ್ಟ ಸಲ ಬೈದಿದ್ದೊ,” ಎಂದ ನಬಿಲಾಲ. “ಸತ್ತಮ್ಯಾಲೂ ಅವನ ಕಡೆ ಕೆಲಸ ಮಾಡಸಾಕತ್ತೀಯಲ್ಲ!”

ದುಂಡೇಶ ಅಳುತ್ತಲೇ ನಕ್ಕ. ಸುತ್ತಲಿದ್ದ ನಾಲ್ಕು ಮಂದಿಯೂ ನಕ್ಕು, ನಕ್ಕದ್ದಕ್ಕೆ ನಾಚಿ ಸುಮ್ಮನಾದರು. ಶಂಕ್ರೆವ್ವ ಹೇಳುತ್ತ ಹೋದಳು, ಅವನು ಮಾಡುತ್ತ ಹೋದ. ಇರುವೆ ಜಾಡಿಸಿದ. ಪಾಲಿಶ್ ಪೇಪರಿನಿಂದ ಹೋಲ್ಡರಿನ ಹಸಿರು ಕಿಲುಬನ್ನು ಹಿತ್ತಾಳೆ ಹೊಳೆಯುವವರೆಗೆ ತಿಕ್ಕಿದ. ಅರ್ತಿನ ಕರಿ ವೈರನ್ನು ಗಾಡಿಯ ಮೈಗೆ ಬಿಗಿದ ಜಾಗದಲ್ಲಿ ತುಕ್ಕು ಕೆರೆದು, ಸ್ಕ್ರೂ ಮತ್ತೆ ಬಿಗಿದ. ಬಲ್ಬು ಕೂಡಿಸಿ ಗಾಜು ಮುಚ್ಚಿದ.

“ಇನ್ನ ನೀವ ಹೇಳಬೇಕ್ರಿ ವೈನಿ,” ನಬಿಲಾಲ ಊರುಗೋಲು ಊರಿ ಹಿಂದೆ ಸರಿದ. “ನಿಮ್ಮ ಬಾಯಿಂದ ಬಂದ್ರ ಅವನೂ ಒಪ್ಪತಾನ, ನಾನೂ ಒಪ್ಪತೇನಿ.”

ಎಲ್ಲರೂ ಅವಳಿಗೆ ದಾರಿ ಬಿಟ್ಟು ನಿಂತರು. ಶಂಕ್ರೆವ್ವ ದೀಪದ ಮುಂದೆ ಬಂದು ನಿಂತಳು. ಇದೇ ಜಾಗ, ಇದೇ ಮಾತು. ಆದರೆ ಎದುರಿಗೆ ಅವನು ಕುಳಿತಿದ್ದಾನೆ, ಅವನ ಮುಂದೆ ಇನ್ನೊಂದು ಸುಳ್ಳು ಹೇಗೆ ಹೇಳುವುದು?

*

ಹೋದ ವರ್ಷದ ದೀಪಾವಳಿಗೆ ಮುಂಚೆ ಅವಳ ಕಣ್ಣಿನಲ್ಲಿ ದೀಪಗಳಿಗೆ ಕೂದಲು ಹುಟ್ಟಿದವು. ಹತ್ತಿದ ಬಲ್ಬಿನ ಸುತ್ತ ಉದ್ದುದ್ದ ಎಳೆಗಳು. ಬರಬರುತ್ತ ಎಡಗಣ್ಣು ಪೂರ್ತಿ ಮಬ್ಬಾಯಿತು, ಬಲಗಣ್ಣಿನಲ್ಲಿ ಬಿಸಿಲಿಗೂ ದೀಪಕ್ಕೂ ಭೇದ ಉಳಿಯಲಿಲ್ಲ. ಪೊರೆ ಬಂದಿದೆ, ತೆಗೆಸಬಹುದು ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಕಂಡದ್ದನ್ನು ಹೇಳು ಎಂದವನಿಗೆ ಕಾಣುತ್ತಿಲ್ಲ ಎಂದು ಯಾವ ಬಾಯಿಂದ ಹೇಳಬೇಕು? ನಾಳೆಯಿಂದ ಬೇರೆ ಯಾರನ್ನೋ ನಿಲ್ಲಿಸಿದರೆ? ಆ ಒಂದು ಮಾತು ಕೈಬಿಟ್ಟರೆ ಆ ಅಂಗಡಿಯಲ್ಲಿ ತಾನು ಯಾರು?

ಹೀಗಾಗಿ ಅವಳೊಂದು ಉಪಾಯ ಮಾಡಿದಳು. ಗಾಜು ಒರೆಸುವ ನೆಪದಲ್ಲಿ ದೀಪದ ಮೇಲೆ ಅಂಗೈ ಇಡುವುದು. ಬ್ರೇಕಿನ ಬಲ್ಬು ಹತ್ತಿದರೆ ಗಾಜು ಬೆಚ್ಚಗಾಗುತ್ತದೆ. ಅರೆಗಳಿಗೆ ತಡೆದು “ಹತ್ತೇತಿ” ಎನ್ನುವುದು. ಮೊದಮೊದಲು ಯಾವ ತಕರಾರೂ ಬರಲಿಲ್ಲ.

ಒಂದು ದಿನ ಹೊಸ ಕಾರೊಂದು ಬಂತು. ಅವಳು ಅಂಗೈ ಇಟ್ಟಳು, ಎಷ್ಟು ಹೊತ್ತಾದರೂ ತಣ್ಣಗೇ ಇತ್ತು. “ಹತ್ತಿಲ್ರಿ,” ಎಂದಳು. ಗುರುಲಿಂಗಪ್ಪ ಕಾರಿನವನಿಗೆ ಬ್ರೇಕು ತುಳಿದು ಹಿಡಿಯಲು ಹೇಳಿ, ಇಳಿದು ಹಿಂದೆ ಬಂದ. ಅವಳ ಕೈಯ ಪಕ್ಕದಲ್ಲೇ ಬಗ್ಗಿದ. ಆಮೇಲೆ “ಹೌದಲ್ಲ, ಹತ್ತೇ ಇಲ್ಲ” ಎಂದು ಏನೋ ಬಿಚ್ಚಿದಂತೆ, ಹಾಕಿದಂತೆ ಸಪ್ಪಳ ಮಾಡಿ “ಈಗ?” ಎಂದ. ಗಾಜು ಇನ್ನೂ ತಣ್ಣಗೇ ಇತ್ತು. ಹೆದರಿ “ಹತ್ತೇತಿ” ಎಂದುಬಿಟ್ಟಳು. ಹೊಸ ಗಾಡಿಯ ಎಲ್‌ಇಡಿ ದೀಪ ಹತ್ತಿದರೂ ಬಿಸಿಯಾಗುವುದಿಲ್ಲವೆಂದು ಅವಳಿಗೇನು ಗೊತ್ತು?

“ಇವು ಎಲ್‌ಇಡಿ ದೀಪದ ಗಾಡಿ ಬರಾಕತ್ತಾವು, ನಮಗ ಪಾಡಾಗೂದಿಲ್ಲ ಬಿಡು,” ಎಂದ ಅವನು ಆ ಸಂಜೆ. “ಅವನ್ನ ನಾನ ನೋಡಿಕೊಳ್ತೇನಿ. ನೀ ಹಳೇ ಬಲ್ಬಿನವು ನೋಡು.”

ಅದಾದ ಮೇಲೆ ಅವನಿಗೊಂದು ಹೊಸ ಹುಚ್ಚು ಹಿಡಿಯಿತು. “ಬಾಗೇವಾಡ್ಯಾಗ ಕಣ್ಣಿನ ಕ್ಯಾಂಪ್ ಐತಂತ. ನನ್ನ ಕಣ್ಣ ಯಾಕೋ ಮಂಜಾಗ್ಯಾವು. ಜತೀಗೆ ಬಾ, ಹೋಗಿ ಬರೂನು.” ಮೂರು ಸಲ ಹೇಳಿದ. ತನ್ನ ಗುಟ್ಟು ಹೊರಬಿದ್ದೀತೆಂದು ಅವಳು ಮೂರೂ ಸಲ “ನಿಮಗ ಮಂಜಾದ್ರ ನೀವ ಹೋಗ್ರಿ, ನನಗ ಕೆಲಸ ಐತಿ” ಎಂದು ಗದರಿಸಿದಳು. ಅವನು ಹೋಗಲಿಲ್ಲ.

*

“ಯಪ್ಪಾ, ಕಾಲು ಜೋಮ ಹಿಡೀತು,” ಎನ್ನುತ್ತ ಕಲ್ಮೇಶ ಗಾಡಿಯಿಂದ ಇಳಿದ. ಎರಡು ಹೆಜ್ಜೆ ಕುಂಟುತ್ತ ಅಂಗಡಿಯ ಶಟರಿನ ಹಿಂದೆ ಕೈ ಹಾಕಿ ಒಂದು ಕೋಲು ತೆಗೆದ. ಮೊಳಕ್ಕಿಂತ ತುಸು ಉದ್ದದ ಜಾಲಿ ಕೋಲು. ಒಂದು ತುದಿಗೆ ಟ್ಯೂಬಿನ ರಬ್ಬರ್ ಸುತ್ತಿತ್ತು, ಇನ್ನೊಂದು ತುದಿಯಲ್ಲಿ ಗಾಡಿಗೊಂದರಂತೆ ಕೊರೆದ ಕಚ್ಚುಗಳು. ಅದನ್ನು ಬ್ರೇಕಿಗೂ ಸೀಟಿಗೂ ನಡುವೆ ಸಿಕ್ಕಿಸಲು ಹೋದ. “ಇನ್ನ ಯಾರೂ ತುಳಿಯೂದು ಬ್ಯಾಡ.”

“ಏನೋ ಅದು?” ಶಂಕ್ರೆವ್ವ ಕೇಳಿದಳು.

“ಕಾಕಾನ ಕೋಲ್ರಿ. ದೀಪ ನೋಡಾಕ ಹಚ್ಚತಿದ್ರಲ್ಲ...” ಕಲ್ಮೇಶನ ಮಾತು ಅಲ್ಲಿಗೇ ಕಡಿಯಿತು. ನಾಲಿಗೆ ಕಚ್ಚಿಕೊಂಡ.

“ಯಾವಾಗಿಂದ ಹಚ್ಚತಿದ್ರು?”

“ಹೋಗ್ಲಿ ಬಿಡ್ರಿ ಕಾಕು.”

“ಕಲ್ಮೇಶಾ. ಅವರು ಕೇಳಾಕತ್ತಾರ ಅಂತ ತಿಳದು ಹೇಳು.”

ಕಲ್ಮೇಶ ಕುರ್ಚಿಯಲ್ಲಿದ್ದವನ ಕಡೆ ಒಮ್ಮೆ ನೋಡಿದ. “ಹ್ವಾದ ದೀಪಾವಳಿ ಮುಗದಮ್ಯಾಗ್ರಿ. ರಬ್ಬರ್ ಸುತ್ತಿದ್ದು ನಾನ. ನೀವು ಹತ್ತೇತಿ ಅಂದು ಒಳಗ ಹ್ವಾದಮ್ಯಾಲ ಕೋಲ ಹಚ್ಚಿ, ತಾವ ಹಿಂದ ಬಂದು ಇನ್ನೊಮ್ಮಿ ನೋಡ್ತಿದ್ರು. ‘ನಿಮ್ಮ ಕಾಕುಗ ಗೊತ್ತಾಗಬಾರದು, ಗೊತ್ತಾದ್ರ ನಿನ್ನ ಚರ್ಮ ಸುಲೀತೇನಿ’ ಅಂದಿದ್ರು.”

ಶಂಕ್ರೆವ್ವ ಅವನ ದನಿಯತ್ತ ತಿರುಗಿದಳು. “ನಂದು... ಯಾವಾಗರ ತಪ್ಪಾಗಿತ್ತೇನು?”

“ಎರಡ ಸಲ. ಡ್ರೈವರಗ ಚಾ ಕುಡಸಿ ಕುಂಡ್ರಿಸಿ, ಸರಿಮಾಡೇ ಕಳಸಿದ್ರು. ಒಂದೂ ಗಾಡಿ ಹಂಗ ಹೋಗಿಲ್ಲ ಕಾಕು. ನನ್ನಾಣಿ.”

ಒಂದೂ ಗಾಡಿ ಹೋಗಿಲ್ಲ! ಒಂದು ವರ್ಷದಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲು ಅಷ್ಟು ಮಂದಿಯ ನಡುವೆ ಉರುಳಿಬಿದ್ದಿತು. ಅದರ ಹಿಂದೆಯೇ ಅವಳಿಗೆ ಇನ್ನೊಂದು ತಿಳಿಯಿತು. ಕೋಲು ಇದ್ದ ಮೇಲೆ ಅವನಿಗೆ ಯಾರೂ ಬೇಕಿರಲಿಲ್ಲ. ಆದರೂ ದಿನಾ ಅಡಿಗೆಮನೆಯ ಬಾಗಿಲಿಗೆ ಬಂದು “ಏ ಶಂಕ್ರಿ, ಬಾ, ನೀ ನೋಡಿದ್ರ ಮುಗೀತು” ಎಂದು ಕರೆಯುತ್ತಿದ್ದ. ನಿನ್ನೆ ಸಂಜೆಯೂ ಕರೆದಿದ್ದ. ಅವಳು ಹೇಳುವವರೆಗೆ ಕಾಯುತ್ತಿದ್ದ. ಕಣ್ಣು ಮಂಜಾಗಿವೆ ಎಂದಿದ್ದು ಯಾರ ಕಣ್ಣನ್ನು?

ಆಗ ಅತ್ತಳು ಶಂಕ್ರೆವ್ವ. ಗಾಡಿಯ ಅಂಚು ಹಿಡಿದು, ಬೀದಿಗೆಲ್ಲ ಕೇಳುವಂತೆ ಅತ್ತಳು. ಸುವರ್ಣಾ ಹಿಡಿದುಕೊಂಡಳು. ನಬಿಲಾಲ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಅವಳ ಅಳು ಮುಗಿಯುವವರೆಗೆ ಅಯ್ಯನವರೂ ಅವಸರ ಮಾಡಲಿಲ್ಲ.

ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, “ಆ ಕೋಲ ತಗಿ,” ಎಂದಳು.

“ಯಾಕ್ರಿ ಕಾಕು?”

“ತಗೀ ಅಂದ್ನಿಲ್ಲೊ? ದುಂಡೇಶಾ, ನೀ ಹತ್ತಿ ಕುಂಡ್ರು. ನಾ ಹೇಳೂತನಕ ತುಳದು ಹಿಡಿ. ಎಲ್ಲಾರೂ ಕೇಳ್ರಿ, ನನಗ ಕಣ್ಣ ಕಾಣೂದಿಲ್ಲ. ಪೊರಿ ಬಂದೈತಿ. ನಾ ಕೈಲೆ ನೋಡಾಕಿ.”

ದುಂಡೇಶ ಹತ್ತಿ ಬ್ರೇಕು ತುಳಿದ. ಮಂದಿಯೆಲ್ಲ ದೀಪ ನೋಡಿದರೂ ಒಬ್ಬರೂ ಬಾಯಿ ಬಿಡಲಿಲ್ಲ. ಶಂಕ್ರೆವ್ವ ಬಲಗಡೆಯ ಗಾಜಿನ ಮೇಲೆ ಅಂಗೈ ಇಟ್ಟಳು. ಬೆಳಿಗ್ಗೆ ಅವಳು ಚಹಾದ ಬಟ್ಟಲು ಕೆಳಗಿಟ್ಟು ಹಿಡಿದ ಅವನ ಪಾದದಷ್ಟೇ ಗಾಜು ತಣ್ಣಗಿತ್ತು. ಅವಳು ಕೈ ತೆಗೆಯಲಿಲ್ಲ. ಬೆರಳ ಸಂದಿನಲ್ಲಿ ಮೆಲ್ಲಗೆ ಬಿಸಿ ಶುರುವಾಯಿತು, ಅಂಗೈಗೆ ಹರಡಿತು. ಅವಳು ತಲೆ ಎತ್ತಿ, ಹೂವಿನ ರಾಶಿಯಲ್ಲಿ ಅವನಿದ್ದ ಕಡೆಗೆ ಮುಖ ಮಾಡಿ, ಮೂವತ್ತೆರಡು ವರ್ಷ ಕೂಗಿದ ದನಿಯಲ್ಲೇ ಕೂಗಿದಳು.

“ಹತ್ತೇತ್ರೀ!”

ನಬಿಲಾಲ ಊರುಗೋಲು ಬದಿಗೆ ಸರಿಸಿ ದಾರಿ ಬಿಟ್ಟ. ಭಜನೆಯವರು ತಾಳ ಕೈಗೆತ್ತಿಕೊಂಡರು. ಕಲ್ಮೇಶ ಮತ್ತು ಸುವರ್ಣಾ ಅವಳನ್ನು ಹಿಡಿದು ಗಾಡಿಯ ಮೇಲೆ ಹತ್ತಿಸಿದರು. ಗಾಡಿ ಯಂಕಂಚಿಯ ಹಾದಿಗೆ ತಿರುಗಿದಾಗ ಶಂಕ್ರೆವ್ವ ಗಂಡನ ಕುರ್ಚಿಯ ಕೆಳಗೆ ಜಾಲಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ದೀಪದ ಬಿಸಿ ಆರುವ ಮುಂಚೆಯೇ ಆ ಅಂಗೈಯನ್ನು ಅವನ ಪಾದದ ಮೇಲಿಟ್ಟು ಒತ್ತಿ ಹಿಡಿದಿದ್ದಳು.